ಮನೆಯಲ್ಲಿ ಇನ್ನೂ ಓಡುತ್ತಿರುವ ಹಳೇ ಜೀಪು, ರೇಡಿಯೋ, ಕಾಫಿ ಮಿಲ್ಲು: ಕೊಡಗಿನವರು ಬರೆಯಿರಿ

ಬೆಟ್ಟದ ದಾರಿ (ನಾಪೋಕ್ಲು)

ಕೊಡಗಿನ ತೋಟದ ಮನೆಗಳಿಗೆ ಈಗ ಹಳೇ ಜೀಪು ಕೇಳಿಕೊಂಡು ಹೊರಗಿನವರು ಬರುತ್ತಾರೆ. ಜೀಪಿನ ಜೊತೆ ತಾಮ್ರದ ಹಂಡೆ, ಹಿತ್ತಾಳೆ ದೀಪ, ಹಳೇ ರೇಡಿಯೋ, ಏನು ಕಂಡರೂ ಬೆಲೆ ಕಟ್ಟುತ್ತಾರೆ. ಕೊಟ್ಟವರನ್ನು ನಾನು ಬೈಯುವುದಿಲ್ಲ, ಅವರವರ ಕಷ್ಟ ಅವರಿಗೆ. ಆದರೆ ಆ ಜೀಪು ಆಮೇಲೆ ಯಾವುದೋ ರೆಸಾರ್ಟ್ ಗೇಟಿನ ಮುಂದೆ ಇಂಜಿನ್ ಇಲ್ಲದೆ, ಬಾನೆಟ್ ಒಳಗೆ ಹೂವಿನ ಗಿಡ ತುಂಬಿಸಿಕೊಂಡು ನಿಂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಇದನ್ನು ಶುರು ಮಾಡುತ್ತಿದ್ದೇನೆ. ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ಇದ್ದ ಗಾಡಿ, ಸಾಮಾನು ಯಾವುದು, ಅದರಲ್ಲಿ ಇವತ್ತಿಗೂ ಕೆಲಸ ಮಾಡುತ್ತಿರುವುದು ಯಾವುದು, ಬರೆಯಿರಿ. ಶೋಕೇಸಿನಲ್ಲಿ ಇಟ್ಟಿರುವುದು ಬೇಡ, ಓಡುತ್ತಿರುವುದು ಬೇಕು.

ನಮ್ಮದು ಮಹೀಂದ್ರ ಸಿಜೆ 3ಬಿ ಜೀಪು, ಪೆಟ್ರೋಲ್. ಮಹೀಂದ್ರದವರು 1947ರಿಂದಲೇ ಅಮೆರಿಕದ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಇಲ್ಲಿ ಜೋಡಿಸುತ್ತಿದ್ದರು, ಆಮೇಲೆ ಪೂರ್ತಿ ಇಲ್ಲೇ ಮಾಡಿದರು. 3ಬಿ ಗುರುತು ಹಿಡಿಯುವುದು ಸುಲಭ. ಮೂತಿ ಎತ್ತರ. ಒಳಗಿನ ಹರಿಕೇನ್ ಇಂಜಿನ್ ಹಳೆಯದಕ್ಕಿಂತ ಎತ್ತರ ಇದ್ದದ್ದರಿಂದ ಬಾನೆಟ್ಟನ್ನೇ ಎತ್ತರಿಸಿದ್ದರು. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೆ. ಪೆಟ್ರೋಲ್ ಹಾಕಿಸಬೇಕೆಂದರೆ ಅಪ್ಪ ಸೀಟಿನಿಂದ ಇಳಿಯಲೇಬೇಕಿತ್ತು. ನೆಲದಿಂದ ಮೂರು ಲಿವರ್ ಮೇಲೆ ಬಂದಿರುತ್ತವೆ. ಒಂದು ಗೇರು, ಒಂದು ಮುಂದಿನ ಚಕ್ರಕ್ಕೂ ಎಳೆತ ಕೊಡಲು, ಇನ್ನೊಂದು ಹೈ, ಲೋಗೆ (ಮಾಮೂಲಿ ರಸ್ತೆಗೆ ಹೈ, ಕಷ್ಟದ ಏರಿಗೆ ಲೋ). ಗೇರಿನ ಗುಬ್ಬಿ ಮೇಲಿದ್ದ ಅಂಕಿಗಳು ಅಪ್ಪನ ಅಂಗೈಗೆ ಸವೆದು ಹೋಗಿ ಈಗ ಬರೀ ನುಣುಪು ಕಪ್ಪು ಉಂಡೆ ಉಳಿದಿದೆ.

ಜುಲೈನಲ್ಲಿ ತೋಟದ ದಾರಿ ಕೆಸರಾದಾಗ ಹಿಂದಿನ ಟಯರಿಗೆ ಸರಪಣಿ ಕಟ್ಟಿ, ಲೋ ಹಾಕಿ, ಆಕ್ಸಿಲೇಟರ್ ಮುಟ್ಟದೆ ಬಿಟ್ಟರೆ ಅದೇ ಮೆಲ್ಲಗೆ ಹತ್ತುತ್ತದೆ. ಇವತ್ತಿಗೂ ಹತ್ತುತ್ತದೆ.

ಗೋಣಿಕೊಪ್ಪ ಟ್ಯಾಕ್ಸಿ ಸ್ಟ್ಯಾಂಡ್

ಒಳ್ಳೇ ವಿಷಯ ಎತ್ತಿದಿರಿ. ನಮ್ಮದು ಅಂಬಾಸಿಡರ್ ಮನೆ. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು.

ಮುಂದೆ ಉದ್ದಕ್ಕೆ ಒಂದೇ ಸೀಟು, ಗೇರು ಸ್ಟೇರಿಂಗ್ ಪಕ್ಕ. ಲೈಟ್ ಡಿಮ್ ಮಾಡುವ ಸ್ವಿಚ್ ನೆಲದಲ್ಲಿ, ಎಡಗಾಲಿನಲ್ಲಿ ಒತ್ತಬೇಕು. ತಿತಿಮತಿ ಕಾಡಿನ ರಸ್ತೆಯಲ್ಲಿ ರಾತ್ರಿ ಎದುರಿಗೆ ಗಾಡಿ ಬಂದಾಗ ಅಪ್ಪನ ಕಾಲು 'ಟಕ್' ಅನ್ನುತ್ತಿದ್ದ ಶಬ್ದ ನನಗೆ ಇನ್ನೂ ಕೇಳಿಸುತ್ತದೆ. ಮದುವೆ ಸೀಸನ್‌ನಲ್ಲಿ ಒಂದೇ ಗಾಡಿಯಲ್ಲಿ ಎಷ್ಟು ಜನ ಕೂರುತ್ತಿದ್ದರು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಬಾಳೆಗೊನೆ ಬೇರೆ.

ನಮ್ಮ ಜಿಲ್ಲೆಗೆ ರೈಲು ಇಲ್ಲ. ಇವತ್ತಿಗೂ ಇಲ್ಲ. ಆಸ್ಪತ್ರೆ, ಮದುವೆ, ಸಾವು, ಕಾಲೇಜು ಅಡ್ಮಿಷನ್, ಮೈಸೂರಿಗೆ ಹೋಗಬೇಕೆಂದರೆ ಬಸ್ಸು ಇಲ್ಲವೇ ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ ಹಿಡಿದು ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ಮಾಡಿದ ಗಾಡಿ ಅದು. 2014ರಲ್ಲಿ ನಿಂತಿತು. ನಿಂತ ಸುದ್ದಿ ಪೇಪರಿನಲ್ಲಿ ಬಂದ ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ.

ಗಾಡಿ ಈಗ ಇಲ್ಲ. ಜಾಕ್ ಮತ್ತು ವೀಲ್ ಸ್ಪ್ಯಾನರ್ ಇದೆ. ನನ್ನ ಈಗಿನ ಗಾಡಿಗೂ ಅದೇ ಜಾಕ್ ಬಳಸುತ್ತೇನೆ.

ಸಂಪಾಜೆ ಘಾಟಿ

ಅಂಬಾಸಿಡರ್ ವಿಷಯ ಬಂದರೆ ಫಿಯಟ್ ಬಿಡಬೇಡಿ ಮಾರಾಯ್ರೇ! ನಮ್ಮ ದೊಡ್ಡಪ್ಪನ ಹತ್ತಿರ ಫಿಯಟ್ 1100 ಇತ್ತು, ತೀರಾ ಹಳೇ ಮಾಡೆಲ್. ಮುಂದಿನ ಬಾಗಿಲು ಉಲ್ಟಾ ತೆರೆಯುತ್ತಿತ್ತು. ಆಮೇಲೆ ಪ್ರೀಮಿಯರ್ ಪದ್ಮಿನಿ ಬಂತು.

ಸುಳ್ಯ ಕಡೆಯಿಂದ ಮಡಿಕೇರಿಗೆ ಹತ್ತುವಾಗ ಬೇಸಿಗೆಯಲ್ಲಿ ಇಂಜಿನ್ ಬಿಸಿಯಾಗಿ ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತಿತ್ತು. ಗಾಡಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ದೊಡ್ಡಪ್ಪ ಇಳಿದು ಝರಿಯಲ್ಲಿ ಬಟ್ಟೆ ಒದ್ದೆ ಮಾಡಿ ಇಂಜಿನ್ ಪಕ್ಕದ ಪೆಟ್ರೋಲ್ ಪಂಪಿಗೆ ಸುತ್ತುತ್ತಿದ್ದರು. ಹತ್ತು ನಿಮಿಷ ಕಾದರೆ ಮತ್ತೆ ಸ್ಟಾರ್ಟ್. ಆ ಬಟ್ಟೆ ಯಾವಾಗಲೂ ಡ್ಯಾಶ್‌ಬೋರ್ಡಿನಲ್ಲೇ ಇರುತ್ತಿತ್ತು, ಬೇರೆ ಯಾವುದಕ್ಕೂ ಮುಟ್ಟುವ ಹಾಗಿರಲಿಲ್ಲ.

ಘಾಟಿಯಲ್ಲಿ ಯಾರದ್ದಾದರೂ ಬಾನೆಟ್ ತೆರೆದಿದ್ದರೆ ಹಿಂದೆ ಬಂದವರು ನಿಲ್ಲಿಸಿ ವಿಚಾರಿಸದೆ ಹೋಗುತ್ತಿರಲಿಲ್ಲ. ಈಗ ಹಾರ್ನ್ ಹೊಡೆದು ಹೋಗುತ್ತಾರೆ.

ಜಾವಾ ಸುಂಟಿಕೊಪ್ಪ

ನನ್ನದು 1970ರ ದಶಕದ ಯೆಜ್ಡಿ ಬೈಕು. ನಿನ್ನೆ ಕುಶಾಲನಗರಕ್ಕೆ ಹೋಗಿ ಬಂದೆ. ಓಡುತ್ತಿದೆ!

ನಮಗೆ ಜಾವಾ ಅಂದರೆ ದೂರದ ಗಾಡಿ ಅಲ್ಲ, ಮೈಸೂರಿನ ಯಾದವಗಿರಿಯಲ್ಲೇ ಫ್ಯಾಕ್ಟರಿ. ಐಡಿಯಲ್ ಜಾವಾ. 1961ರಲ್ಲಿ ಶುರು, 1973ರಿಂದ ಯೆಜ್ಡಿ ಹೆಸರು, 1996ಕ್ಕೆ ಮುಚ್ಚಿತು. ನಮ್ಮೂರಿನ ಕೆಲವರು ಅಲ್ಲಿ ಕೆಲಸಕ್ಕಿದ್ದರು. ಸ್ಪೇರ್ ಬೇಕಾದರೆ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ತರಬಹುದಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಎರಡೂ ಒಂದೇ. ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು, ಲಿವರ್ ಒತ್ತಿದಾಗ ಒಳಗೆ ಕ್ಲಚ್ ತಾನೇ ಬಿಡುತ್ತದೆ. ಕ್ಲಚ್ ಕೇಬಲ್ ತುಂಡಾದ ದಿನವೂ ಮನೆಗೆ ಬರಬಹುದು. ಬಂದಿದ್ದೇನೆ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಎರಡು ಸೈಲೆನ್ಸರ್. ಆ ಶಬ್ದ ಕೇಳಿ ಅಮ್ಮ ಗೇಟ್ ತೆಗೆಯುತ್ತಿದ್ದರು, ಯಾವ ತಿರುವಿನಲ್ಲಿ ಇದ್ದಾನೆ ಅಂತ ಅವರಿಗೆ ಗೊತ್ತಾಗುತ್ತಿತ್ತು.

ಜುಲೈ ಎರಡನೇ ಭಾನುವಾರ ಜಾವಾ ದಿನ. ಇಲ್ಲಿ ಆಗ ಸುರಿಯುವ ಮಳೆ ಗೊತ್ತಲ್ವಾ, ಆದರೂ ಗಾಡಿ ಹೊರಗೆ ತೆಗೆಯುತ್ತೇವೆ.

ಪೊನ್ನಂಪೇಟೆ ಅಕ್ಕ

ನಿಮ್ಮ ಜೀಪು, ಬೈಕು ಎಲ್ಲ ಸರಿ. ಮನೆ ಸಾಮಾನು ಅಂತ ಮೇಲೆ ಬರೆದಿದ್ದೀರಿ, ಅಡುಗೆಮನೆಗೆ ಯಾರೂ ಕಾಲಿಟ್ಟಿಲ್ಲ. ಹಾಗಾಗಿ ನಾನು ಬರೆಯುತ್ತೇನೆ.

ಮೊದಲು ಒಂದು ಮಾತು. ರುಬ್ಬುವ ಕಲ್ಲು ನೋಡಿ 'ಆಹಾ ಆ ಕಾಲ' ಅನ್ನುವವರಲ್ಲಿ ಹೆಚ್ಚಿನವರು ಅದರ ಮುಂದೆ ಕೂತವರಲ್ಲ. ನನ್ನ ಅಮ್ಮ ಕೂತಿದ್ದರು. ಬೆಳಗಿನ ಜಾವಕ್ಕೆ ಎದ್ದು, ಒದ್ದೆ ಸೌದೆ ಊದಿ ಊದಿ ಉರಿಸಿ, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು, ಆರು ತಿಂಗಳ ಮಳೆಯಲ್ಲಿ ಬಟ್ಟೆಯನ್ನು ಒಲೆ ಮೇಲಿನ ಬಿದಿರಿಗೆ ಹಾಕಿ ಒಣಗಿಸಿ, ಸ್ಕೂಲಿಗೆ ನಾವು ಹೋದರೆ ನಮ್ಮ ಮೈಯೆಲ್ಲ ಹೊಗೆ ವಾಸನೆ. ಗ್ಯಾಸ್ ಕನೆಕ್ಷನ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದೆವು. ಸಿಲಿಂಡರ್ ಮನೆಗೆ ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಇಟ್ಟರು. ಮಿಕ್ಸಿ ಬಂದ ಮೇಲೆ ಕಲ್ಲನ್ನು ಹಿತ್ತಲಿಗೆ ಹಾಕಿಸಿದರು. ಅದನ್ನು ಕೇಳಿಕೊಂಡು ಬಂದವರಿಗೆ ಸಂತೋಷವಾಗಿ ಕೊಟ್ಟೆ.

ಆದರೆ ಎರಡು ಸಾಮಾನು ಕೊಡುವುದಿಲ್ಲ. ಒಂದು ನೂಪುಟ್ಟು (ಅಕ್ಕಿ ಶ್ಯಾವಿಗೆ) ಒತ್ತುವ ಮರದ ಒತ್ತು. ಈಗಿನ ಸ್ಟೀಲಿನದ್ದರಲ್ಲಿ ಕೈ ನೋವು ಬರುತ್ತದೆ. ಮರದ್ದರಲ್ಲಿ ಮೈ ಭಾರ ಹಾಕಿ ಒತ್ತಿದರೆ ಸಾಕು, ಹತ್ತು ಜನಕ್ಕೆ ಆರಾಮಾಗಿ ಆಗುತ್ತದೆ.

ಇನ್ನೊಂದು ಕಾಫಿ ಮಿಲ್ಲು. ಬೆಂಚಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿಯುವುದು, ಎರಕದ ಕಬ್ಬಿಣ. ಮೇಲೆ ಬಟ್ಟಲು, ಪಕ್ಕದಲ್ಲಿ ಹಿಡಿ. ಹಿಡಿಯ ತುದಿಯ ಮರದ ಗುಂಡು ಒಂದು ಕಡೆ ಮಾತ್ರ ತೆಳ್ಳಗಾಗಿದೆ, ಏಕೆಂದರೆ ಅಜ್ಜಿ ಎಡಗೈಯವರು. ಮುಂದೆ ಒಂದು ತಿರುಪು ಇದೆ, ಅದನ್ನು ಸ್ವಲ್ಪ ಬಿಗಿ ಮಾಡಿದರೆ ಪುಡಿ ನುಣ್ಣಗೆ, ಸಡಿಲ ಬಿಟ್ಟರೆ ತರಿ. ನಮ್ಮದೇ ಕಣದಲ್ಲಿ ಒಣಗಿಸಿದ ರೋಬಸ್ಟ, ನಾವೇ ಹುರಿದು, ಅವತ್ತಿಗೆ ಬೇಕಾದಷ್ಟೇ ತಿರುಗಿಸಿ ಹಿತ್ತಾಳೆ ಫಿಲ್ಟರಿಗೆ ಹಾಕುವುದು. ದಿನಾ ಬೆಳಿಗ್ಗೆ ಈಗಲೂ ಇದೇ. ಪ್ಯಾಕೆಟ್ ಪುಡಿ ನಮ್ಮ ಮನೆಗೆ ಬಂದಿಲ್ಲ.

ಬೆಟ್ಟದ ದಾರಿ (ನಾಪೋಕ್ಲು)

ಅಕ್ಕ, ಇದನ್ನೇ ಕಾಯುತ್ತಿದ್ದೆ. ಕಷ್ಟ ಕೊಟ್ಟ ಸಾಮಾನು ಹೋಗಲಿ. ಕೆಲಸ ಮಾಡಿದ, ಇನ್ನೂ ಮಾಡಬಲ್ಲ ಸಾಮಾನು ಹೋಗುತ್ತಿರುವುದೇ ನನ್ನ ಸಂಕಟ.

ನಮ್ಮಲ್ಲಿ ಹಳೇ ಗಾಡಿಗಳು ಇಷ್ಟು ವರ್ಷ ಉಳಿದದ್ದು ಯಾಕೆ ಅಂತ ಯೋಚಿಸಿದ್ದೀರಾ? ಬರೀ ಪ್ರೀತಿಯಿಂದ ಅಲ್ಲ. ಆಗ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಬೆಳೆ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೇ ಕೊಡಬೇಕಿತ್ತು. ಬೇರೆಯವರಿಗೆ ಮಾರುವ ಹಾಗಿಲ್ಲ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿಗೆ ಹಾಕಿ ಬಂದರೆ ಬೀಜದ ದರ್ಜೆ ನೋಡಿ ಕೊಟ್ಟ ಪಾಯಿಂಟ್ ಲೆಕ್ಕದಲ್ಲಿ ದುಡ್ಡು ಕಂತು ಕಂತಾಗಿ ಬರುತ್ತಿತ್ತು, ಕೊನೇ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಗಿಡದಲ್ಲಿ ಇರುತ್ತಿತ್ತು. ಒಟ್ಟಿಗೆ ದುಡ್ಡು ಕೈಗೆ ಬಂದದ್ದೇ ಅಪರೂಪ. ಹೊಸ ಗಾಡಿ ಬುಕ್ ಮಾಡಿದರೂ ವರ್ಷಗಟ್ಟಲೆ ಕಾಯಬೇಕು. ಸ್ಕೂಟರಿಗೂ ಕಾಯಬೇಕು. ಹಾಗಾಗಿ ಇದ್ದ ಗಾಡಿಯನ್ನೇ ರಿಪೇರಿ ಮಾಡುತ್ತಾ ಓಡಿಸಿದರು. ಪ್ರತಿ ಪೇಟೆಯಲ್ಲೂ ಕಾರ್ಬುರೇಟರ್ ಬಿಚ್ಚಿ ಜೋಡಿಸುವವರು, ರೇಡಿಯೋ ವಾಲ್ವ್ ಬದಲಿಸುವವರು, ಹಂಡೆಗೆ ಕಲಾಯಿ ಹಾಕುವವರು ಇದ್ದರು.

ಆಮೇಲೆ 90ರ ದಶಕ. ಕಾಫಿ ಮಾರಾಟ ಹಂತ ಹಂತವಾಗಿ ಮುಕ್ತವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಗಿಡ ಸುಟ್ಟುಹೋಯಿತು, ಪ್ರಪಂಚದ ಎಲ್ಲ ಕಡೆ ರೇಟು ಏರಿತು. ಕೊಡಗಿಗೆ ಮೊದಲ ಸಲ ಹಾಗೆ ದುಡ್ಡು ಬಂತು. ಮಾರುತಿ ಬಂತು, ಜಿಪ್ಸಿ ಬಂತು, ಕಲರ್ ಟಿವಿ, ಫ್ರಿಜ್, ಟೈಲ್ಸ್. ಹಳೆಯದು ಸವೆದು ಹೋದದ್ದಲ್ಲ ಸ್ವಾಮಿ, ಚೆನ್ನಾಗಿ ಓಡುತ್ತಿದ್ದಾಗಲೇ ಗುಜರಿಗೆ ಹೋಯಿತು. ನಮ್ಮ ಮನೆಯಲ್ಲೇ ಮರ್ಫಿ ರೇಡಿಯೋ ಹಾಗೆ ಹೋಯಿತು. ಗಾಡಿ ಹೋದ ಹಾಗೆ ರಿಪೇರಿಯವರೂ ಹೋದರು. ನನಗೆ ಜಾಸ್ತಿ ನೋವು ಕೊಡುವುದು ಈ ಎರಡನೆಯದು.

ಫೌಜಿ ಮನೆ (ವಿರಾಜಪೇಟೆ)

ರೇಡಿಯೋ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಫಿಲಿಪ್ಸ್ ವಾಲ್ವ್ ಸೆಟ್, ಸೈನ್ಯದಲ್ಲಿದ್ದ ತಂದೆ ರಜೆಗೆ ಬಂದಾಗ ತಂದದ್ದು. ಸ್ವಿಚ್ ಹಾಕಿದ ಕೂಡಲೇ ಮಾತಾಡುವುದಿಲ್ಲ. ವಾಲ್ವ್ ಬಿಸಿಯಾಗಬೇಕು, ಹಿಂದಿನಿಂದ ನೋಡಿದರೆ ಕೆಂಪಗೆ ಹೊಳೆಯುತ್ತದೆ, ಆಮೇಲೆ ಮೆಲ್ಲಗೆ ದನಿ ಬರುತ್ತದೆ. ಆಗ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪುಸ್ತಕ ಈಗಲೂ ಬೀರುವಿನಲ್ಲಿದೆ. ಮಡಿಕೇರಿ ಆಕಾಶವಾಣಿ ಬಂದದ್ದು 90ರ ದಶಕದಲ್ಲಿ. ಅದಕ್ಕೂ ಮೊದಲು ನಮಗೆ ಮೈಸೂರು, ಕಲ್ಲಿಕೋಟೆ, ರಾತ್ರಿ ಹೊತ್ತಾದರೆ ಸಿಲೋನ್. ಬೆಟ್ಟದ ಅಡ್ಡದಿಂದ ಒಂದು ಸ್ಟೇಷನ್ ಹಿಡಿಯುವುದೇ ಒಂದು ವಿದ್ಯೆ. ಏರಿಯಲ್ ತಂತಿ ಸಿಲ್ವರ್ ಓಕ್ ಮರದಿಂದ ಮನೆ ಮಾಡಿಗೆ ಕಟ್ಟಿದ್ದೆವು.

ಮಳೆಗಾಲದಲ್ಲಿ ಅದಕ್ಕೆ ತೇವ ಹಿಡಿಯದ ಹಾಗೆ ದಿನಾ ಸ್ವಲ್ಪ ಹೊತ್ತು ಹಾಕಿಡಬೇಕು ಅಂತ ತಂದೆ ಹೇಳುತ್ತಿದ್ದರು. ಅದನ್ನು ಬಿಟ್ಟಿಲ್ಲ. ಹಾಗಾಗಿ ಉಳಿದಿದೆ. ಕ್ಯಾಸೆಟ್‌ಗಳು ಮಾತ್ರ ಉಳಿಯಲಿಲ್ಲ, ಎಲ್ಲದಕ್ಕೂ ಬೂಷ್ಟು.

ಇನ್ನು ಕೊಡಗಿನ ಫೌಜಿ ಮನೆಯಲ್ಲಿ ಇರಲೇಬೇಕಾದ ಸಾಮಾನು ಕಪ್ಪು ಟ್ರಂಕ್. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು. ಭಡ್ತಿ ಸಿಕ್ಕಿದಾಗ ಹಳೇ ರ‍್ಯಾಂಕ್ ಮೇಲೆ ಕಪ್ಪು ಬಳಿದು ಹೊಸದು ಬರೆದಿದ್ದಾರೆ. ಬಿಸಿಲಿಗೆ ಓರೆ ಹಿಡಿದರೆ ಕೆಳಗಿನ ಅಕ್ಷರ ಈಗಲೂ ಕಾಣುತ್ತದೆ. ಹಾಸಿಗೆ ಸುತ್ತಿ ಒಯ್ಯುವ ಹೋಲ್ಡಾಲ್, ಇನಾಮಲ್ ಮಗ್ಗು, ಮಿಲಿಟರಿ ಕ್ಯಾಂಟೀನಿನಿಂದ ಬಂದ ಪ್ರೆಶರ್ ಕುಕ್ಕರ್. ಊರಿಗೆ ಮೊದಲ ಕುಕ್ಕರ್ ಬಂದದ್ದು ಫೌಜಿ ಮನೆಗಳಿಗೇ ಅಲ್ವಾ? ಅದು ಮೊದಲ ಸಲ ಸೀಟಿ ಹೊಡೆದಾಗ ಪಕ್ಕದ ಮನೆಯವರು ಓಡಿ ಬಂದಿದ್ದರು.

ಕೈಯಲ್ಲಿ ತಂದೆಯ ಎಚ್‌ಎಂಟಿ ಜನತಾ. ಬೆಂಗಳೂರಿನಲ್ಲಿ ಮಾಡಿದ್ದು, ಕೀ ಕೊಡುವುದು. ಕಂಪನಿಯ ವಾಚ್ ವಿಭಾಗ 2016ರಲ್ಲಿ ಮುಚ್ಚಿತು, ವಾಚ್ ನಡೆಯುತ್ತಿದೆ.

ಶನಿವಾರಸಂತೆ

ಗೊರಬೆ, ಮಳೆಗೆ ಹೊದೆಯುತ್ತಿದ್ದ ಹೆಣೆದ ಹೊದಿಕೆ, ಯಾರಿಗಾದರೂ ನೆನಪಿದೆಯಾ? ನಾಟಿ ಮಾಡುವವರ ಬೆನ್ನ ಮೇಲೆ ಇರುತ್ತಿತ್ತು. ಎರಡು ಕೈಗೂ ಕೆಲಸ ಬಿಡುತ್ತಿತ್ತು, ಬಗ್ಗಿದರೂ ನೀರು ಒಳಗೆ ಬರುತ್ತಿರಲಿಲ್ಲ. ಪ್ಲಾಸ್ಟಿಕ್ ಬಂದು ಅದು ಹೋಯಿತು. ಹೆಣೆಯುವವರು ಗೊತ್ತಿದ್ದರೆ ಬರೆಯಿರಿ, ಮಾಡಿಸಬೇಕು.

ನಮ್ಮಲ್ಲಿ ಓಡುತ್ತಿರುವುದು: ಪೆಟ್ರೋಮ್ಯಾಕ್ಸ್ ಸೀಮೆಎಣ್ಣೆ ದೀಪ. ಮಳೆಗಾಲದಲ್ಲಿ ಕರೆಂಟ್ ವಾರಗಟ್ಟಲೆ ಹೋದಾಗ ಇನ್ವರ್ಟರ್ ಕೈಕೊಟ್ಟ ಮೇಲೂ ಇದು ಉರಿಯುತ್ತದೆ. ಅದರೊಳಗೆ ಬೆಳಗುವ ಬಲೆ, ಮ್ಯಾಂಟಲ್, ಸಿಗುವುದು ಕಷ್ಟ ಆಗುತ್ತಿದೆ.

ಮಕ್ಕಂದೂರು ಕಡೆಯವಳು

ಎಲ್ಲರದ್ದೂ ಓದಿದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಬೆಟ್ಟ ಜಾರಿದಾಗ ನಮ್ಮ ಮನೆ ಹೋಯಿತು. ಮನೆ, ಶೆಡ್ಡು, ಶೆಡ್ಡಿನಲ್ಲಿದ್ದ ಜೀಪು, ಅಜ್ಜನ ಕೋಲು, ಕಾಫಿ ಹುರಿಯುವ ಡ್ರಮ್ಮು, ಮದುವೆ ಫೋಟೋಗಳು. ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಹೋದವರು ನಾವು. ಜೀವ ಉಳಿದದ್ದು ದೊಡ್ಡದು, ಅದು ಗೊತ್ತು. ಆದರೂ ಆಮೇಲೆ ಕೊಟ್ಟ ಹೊಸ ಪಾತ್ರೆ, ಹೊಸ ಸ್ಟವ್ ಎಲ್ಲ ಇದ್ದರೂ ಅಮ್ಮ ಎಷ್ಟೋ ತಿಂಗಳು ಸೌಟು ಹುಡುಕುತ್ತಿದ್ದರು. ಉದ್ದ ಹಿಡಿಯ ಕಬ್ಬಿಣದ ಸೌಟು, ಅವರ ಅತ್ತೆ ಕೊಟ್ಟದ್ದು.

ಒಂದು ಸಾಮಾನು ವಾಪಸ್ ಸಿಕ್ಕಿತು. ಮಣ್ಣು ತೆಗೆಯುವಾಗ ಹಿತ್ತಾಳೆಯ ಕಾಲುದೀಪ, ಕುತ್ತಿಗೆ ಬಗ್ಗಿ ಹೋಗಿತ್ತು. ಮಡಿಕೇರಿಯಲ್ಲಿ ಸರಿ ಮಾಡಿಕೊಡುವವರು ಸಿಗದೆ ಮೈಸೂರಿನವರೆಗೆ ಒಯ್ದೆವು. ಬೆಟ್ಟದ ದಾರಿ ಅವರು ರಿಪೇರಿಯವರು ಹೋದರು ಅಂದದ್ದು ನೂರಕ್ಕೆ ನೂರು ನಿಜ. ಇದ್ದವರು ದಯವಿಟ್ಟು ಬಳಸಿ. ಯಾವುದು ಯಾರು ಕೊಟ್ಟದ್ದು ಅಂತ ಮಕ್ಕಳಿಗೆ ಹೇಳಿಡಿ. ಒಂದು ಫೋಟೋ ತೆಗೆದು ಬೇರೆ ಊರಿನ ನೆಂಟರಿಗೂ ಕಳಿಸಿಡಿ.

ಜಾವಾ ಸುಂಟಿಕೊಪ್ಪ

ಅಕ್ಕ, ಆ ಸೌಟಿನ ಅಳತೆ ಅಮ್ಮನಿಗೆ ನೆನಪಿದ್ದರೆ ಹೇಳಿ. ನಮ್ಮೂರಲ್ಲಿ ಕುಲುಮೆ ಇನ್ನೂ ಇದೆ, ಕತ್ತಿ, ಹಾರೆ ಮಾಡುತ್ತಾರೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವ ಮೊದಲು ಕತ್ತಿ ಹದ ಮಾಡಿಸಲು ಎಲ್ಲರೂ ಅಲ್ಲಿಗೇ ಹೋಗುವುದು. ಸೌಟು ಖಂಡಿತ ಮಾಡಿಕೊಡುತ್ತಾರೆ.

ಹೊಸ ತಲೆಮಾರು (ಮಡಿಕೇರಿ)

ನನಗೆ ಅಜ್ಜನ ಜೀಪು ಬಂದಿದೆ, 1960ರ ದಶಕದ್ದು. ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮುಗಿದಿದೆ. ಮನೆಯಲ್ಲಿ ಗುಜರಿಗೆ ಕೊಡು ಅಂತಿದ್ದಾರೆ. ವಿಂಟೇಜ್ ರಿಜಿಸ್ಟ್ರೇಷನ್ ಅಂತ ಇದೆಯಂತೆ, ಮಾಡಿಸಬಹುದಾ? ಪೆಟ್ರೋಲ್ ಬಗ್ಗೆಯೂ ಏನೇನೋ ಹೆದರಿಸುತ್ತಾರೆ.

ಬೆಟ್ಟದ ದಾರಿ (ನಾಪೋಕ್ಲು)

ಗುಜರಿಗೆ ಕೊಡಬೇಡಿ! ಮೊದಲು ಇದನ್ನು ಓದಿ.

ವಿಂಟೇಜ್ ನಿಯಮ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದದ್ದು. ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲದ್ದೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಣಿಗೆ ಫೀಸು 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ಹೊಸ ನೋಂದಣಿಯ ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ, ಮೊದಲೇ ನೋಂದಣಿ ಆದ ಗಾಡಿ ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ಆ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಅಂತ ತೆಗೆಯಬಹುದು ಅಷ್ಟೇ. ತೋಟಕ್ಕೆ, ಸಂತೆಗೆ ಓಡಿಸುವ ಆಸೆ ಇದ್ದರೆ ಮಾಮೂಲಿ ಎಫ್‌ಸಿ ಮಾಡಿಸಿ, 5 ವರ್ಷಕ್ಕೊಮ್ಮೆ ನವೀಕರಿಸಿ. ಫೀಸು ಈಗ ಜಾಸ್ತಿಯಾಗಿದೆ, ನಿಜ. ಆದರೂ ಜೀಪು ಇರುವುದು ಕೆಲಸಕ್ಕೆ, ನಾನು ನನ್ನದನ್ನು ಹಾಗೇ ಇಟ್ಟಿದ್ದೇನೆ.

ಪೆಟ್ರೋಲ್: ಈಗ ಬಂಕಿನಲ್ಲಿ ಬರುವುದು 20% ಎಥನಾಲ್ ಬೆರೆಸಿದ್ದು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಇದಕ್ಕೆ ತಡೆಯುವುದಿಲ್ಲ, ಉಬ್ಬಿ ಬಿರಿಯುತ್ತವೆ. ಜೀಪಿನಲ್ಲಿ ಟ್ಯಾಂಕ್ ನಿಮ್ಮ ಸೀಟಿನ ಕೆಳಗೇ ಇರುವುದರಿಂದ ಇದರಲ್ಲಿ ಉದಾಸೀನ ಬೇಡ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿ ಕೇಳಬೇಕಾ? ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಜೂನ್‌ನಿಂದ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡೂ ಖಾಲಿ ಮಾಡಿ. ಇಲ್ಲವಾದರೆ ವಾರಕ್ಕೊಮ್ಮೆ ಇಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ. ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಪ್ರಯೋಜನ ಇಲ್ಲ.

ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಅಜ್ಜನ ಕಾಲದ ಕೈ ಹ್ಯಾಂಡಲ್ ಇದೆಯಾ ನೋಡಿ, ಸೀಟಿನ ಹಿಂದೆಯೋ ಶೆಡ್ಡಿನ ಮೂಲೆಯಲ್ಲೋ ಇರುತ್ತದೆ. ತಿರುಗಿಸುವಾಗ ಹೆಬ್ಬೆರಳನ್ನು ಬೇರೆ ಬೆರಳುಗಳ ಕಡೆಗೇ ಇಡಿ, ಸುತ್ತಿ ಹಿಡಿಯಬೇಡಿ. ಇಂಜಿನ್ ಹ್ಯಾಂಡಲನ್ನು ಹಿಂದಕ್ಕೆ ಒದ್ದರೆ ಮೂಳೆ ಮುರಿಯುತ್ತದೆ. ಇದನ್ನು ಹೇಳಿಕೊಡುವವರು ಈಗ ಯಾರೂ ಇಲ್ಲ, ಅದಕ್ಕೇ ಬರೆದೆ.

ಹೊಸ ತಲೆಮಾರು (ಮಡಿಕೇರಿ)

ಹ್ಯಾಂಡಲ್ ಸಿಕ್ಕಿತು, ಅಟ್ಟದಲ್ಲಿ ಇತ್ತು! ಇಂಜಿನ್ ಕೈಯಲ್ಲಿ ತಿರುಗುತ್ತಿದೆ, ಜಾಮ್ ಆಗಿಲ್ಲ. ಪೈಪು ಬದಲಿಸುತ್ತೇನೆ. ಇಂಜಿನ್ನಿಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್, ಕಂಡೆನ್ಸರ್ ಎಲ್ಲಿ ಸಿಗುತ್ತದೆ?

ಗೋಣಿಕೊಪ್ಪ ಟ್ಯಾಕ್ಸಿ ಸ್ಟ್ಯಾಂಡ್

ಅಪ್ಪನ ಡಬ್ಬಿಯಲ್ಲಿ ಪಾಯಿಂಟ್, ಕಂಡೆನ್ಸರ್ ಒಂದಷ್ಟು ಇವೆ. ಅಂಬಾಸಿಡರದ್ದೋ ಜೀಪಿನದ್ದೋ ನೋಡಿ ಹೇಳುತ್ತೇನೆ. ಅಪ್ಪನಿಗೆ ತೋರಿಸಿದರೆ ಕೈಯಲ್ಲಿ ಮುಟ್ಟಿಯೇ ಹೇಳುತ್ತಾರೆ. ನಿಮ್ಮ ಗಾಡಿಯ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಂದು ಫೋಟೋ ಹಾಕಿ. ಉಳಿದವರಲ್ಲಿ ಯಾರ ಹತ್ತಿರವಾದರೂ ಸಿಜೆ 3ಬಿಯ ಸ್ಪೇರ್ ಸುಮ್ಮನೆ ಬಿದ್ದಿದ್ದರೆ ಅದನ್ನೂ ಇಲ್ಲೇ ಬರೆಯಿರಿ.